ಬ್ರೇಕ್ ಆಯಿಲ್ ಕಡಿಮೆಯಾಗಿದೆಯೇ? ಬರೀ ತುಂಬಿಸಿದರೆ ಸಾಲದು

‘ಬ್ರೇಕ್ ಆಯಿಲ್ ಕಡಿಮೆಯಾದರೆ ತುಂಬಿಸಿ, ಸರಿಹೋಗುತ್ತದೆ.’ ‘ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ, ಪೆಟ್ರೋಲ್ ಉಳಿಯುತ್ತದೆ.’ ‘ಬ್ರೇಕ್ ಫೇಲ್ ಆದರೆ ತಕ್ಷಣ ಇಂಜಿನ್ ಆಫ್ ಮಾಡಿ.’

ಕಾರು ಇರುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಲಹೆಗಳಿಗೆ ಕೊರತೆಯಿಲ್ಲ. ಮೂರೂ ಕೇಳಲು ಸರಿ ಎನಿಸುತ್ತವೆ, ಆದರೆ ಮೂರೂ ಅಪಾಯಕಾರಿ. ಬ್ರೇಕ್ ಸಾಮಾನ್ಯವಾಗಿ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ಅದಕ್ಕೂ ಮುನ್ನ ಪೆಡಲ್, ಶಬ್ದ ಮತ್ತು ಆಯಿಲ್ ಮಟ್ಟದ ಮೂಲಕ ಸೂಚನೆ ಕೊಡುತ್ತದೆ. ಆ ಸೂಚನೆಗಳನ್ನು ಗುರುತಿಸುವುದು ಹೇಗೆ, ರಿಪೇರಿ ಏನು ಎಂದು ನೋಡೋಣ.

ಬ್ರೇಕ್ ಕೆಲಸ ಮಾಡುವುದು ಹೇಗೆ?

ಪೆಡಲ್ ಒತ್ತಿದಾಗ ಬಾನೆಟ್ ಒಳಗಿರುವ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪುಗಳ ಮೂಲಕ ಚಕ್ರಗಳ ಕಡೆಗೆ ತಳ್ಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ ನಿಮ್ಮ ಕಾಲಿನ ಒತ್ತಡ ಚಕ್ರವನ್ನು ತಲುಪುತ್ತದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಡಿಸ್ಕನ್ನು ಪ್ಯಾಡ್‌ಗಳು ಹಿಡಿದರೆ, ಡ್ರಮ್ಮನ್ನು ಒಳಗಿನಿಂದ ಬ್ರೇಕ್ ಶೂಗಳು ಒತ್ತುತ್ತವೆ. ಇಂಜಿನ್ ಓಡುವಾಗ ಉಂಟಾಗುವ ನಿರ್ವಾತವನ್ನು ಬಳಸಿಕೊಂಡು ಬೂಸ್ಟರ್ ಎಂಬ ಭಾಗ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ.

ಸಲಹೆ 1: ಆಯಿಲ್ ತುಂಬಿಸಿದರೆ ಸಾಕು

ಸಾಲದು. ಇದು ಪೆಟ್ರೋಲ್‌ನಂತೆ ಖರ್ಚಾಗುವ ವಸ್ತುವಲ್ಲ. ಮಟ್ಟ ಇಳಿದಿದ್ದರೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಪ್ಯಾಡ್ ಸವೆದಿದೆ. ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಹೊರಗೆ ಬಂದು, ಆ ಜಾಗಕ್ಕೆ ಆಯಿಲ್ ಇಳಿಯುತ್ತದೆ. ಇನ್ನೊಂದು, ಎಲ್ಲೋ ಸೋರುತ್ತಿದೆ. ಎರಡರಲ್ಲಿ ಯಾವುದೇ ಆಗಿದ್ದರೂ, ಬರೀ ತುಂಬಿಸಿದರೆ ಸೂಚನೆ ಮರೆಯಾಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಚಕ್ರದ ಒಳಬದಿ ಒದ್ದೆಯಾಗಿದೆಯೇ, ಪೆಡಲ್ ಕೆಳಗೆ ಜಿಡ್ಡಿದೆಯೇ ನೋಡಿ. ಸೋರಿಕೆ ಕಂಡರೆ ಕಾರು ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ.

ಹೆಸರಿನಲ್ಲಿ ‘ಆಯಿಲ್’ ಇದ್ದರೂ ಇದು ಇಂಜಿನ್ ಆಯಿಲ್ ಜಾತಿಯದ್ದಲ್ಲ. ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಅದನ್ನೇ ಬಳಸಿ.

ಈ ದ್ರವ ಗಾಳಿಯಲ್ಲಿನ ತೇವವನ್ನೂ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಹೀಗಾಗಿ ಮಟ್ಟ ಸರಿಯಿದ್ದರೂ ಹಳೆಯ ದ್ರವವನ್ನು ಬದಲಿಸಲೇಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತಾರೆ. ನಿಮ್ಮ ಕಾರಿಗೆ ಎಷ್ಟು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಯಾವ ಲಕ್ಷಣ, ಯಾವ ದೋಷ?

- ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ ಸೇರಿರಬಹುದು. ಗಾಳಿ ಕುಗ್ಗುವುದರಿಂದ ಒತ್ತಡ ಚಕ್ರ ತಲುಪುವುದಿಲ್ಲ. ರಿಪೇರಿ: ಗಾಳಿ ಸೇರಿದ್ದೆಲ್ಲಿ ಎಂದು ಪತ್ತೆ ಮಾಡಿ, ಬ್ಲೀಡಿಂಗ್ ಮಾಡಿ ಗಾಳಿ ತೆಗೆಯುವುದು.
- ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿರಬಹುದು, ಇಲ್ಲವೇ ಸೋರಿಕೆ ಇರಬಹುದು. ಮುಂದೂಡುವ ಕೆಲಸ ಇದಲ್ಲ.
- ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೂಸ್ಟರ್ ಅಥವಾ ಅದರ ಪೈಪನ್ನು ಪರೀಕ್ಷಿಸಬೇಕು. ನೀವೇ ನೋಡಬಹುದು: ಕಾರು ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ. ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿಯೇ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.
- ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ ಮೊದಲು ಟೈರುಗಳ ಗಾಳಿ ನೋಡಿ. ಅದು ಸರಿಯಿದ್ದರೆ ಒಂದು ಚಕ್ರದ ಬ್ರೇಕ್ ಜಾಮ್ ಆಗಿರಬಹುದು, ಅಥವಾ ಪ್ಯಾಡಿಗೆ ಜಿಡ್ಡು ತಗುಲಿರಬಹುದು.
- ಕೀರಲು ಶಬ್ದ ದಿನವೂ ಬಂದರೆ ಪ್ಯಾಡ್ ಸವೆದಿರಬಹುದು. ಕಬ್ಬಿಣ ಉಜ್ಜಿದಂತೆ ಗರಗರ ಎಂದರೆ ಪ್ಯಾಡ್ ಪೂರ್ತಿ ಮುಗಿದು ಡಿಸ್ಕನ್ನೇ ತಿನ್ನುತ್ತಿರಬಹುದು. ಪ್ಯಾಡನ್ನು ಯಾವಾಗಲೂ ಎಡ-ಬಲ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು.

ಎಲ್ಲ ಶಬ್ದವೂ ದೋಷವಲ್ಲ. ಮಳೆ ಬಂದ ಮರುದಿನ ಬೆಳಗ್ಗೆ ಡಿಸ್ಕ್ ಮೇಲಿನ ತೆಳು ತುಕ್ಕಿನಿಂದ ಬರುವ ಕರಕರ ನಾಲ್ಕೈದು ಬ್ರೇಕಿಗೆ ಹೋಗುತ್ತದೆ. ಎಬಿಎಸ್ ಇರುವ ಕಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಅದುರಿದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಕಾಲು ತೆಗೆಯಬೇಡಿ.

ಸಲಹೆ 2: ಇಳಿಜಾರಿನಲ್ಲಿ ನ್ಯೂಟ್ರಲ್

ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂಜಿನ್ನಿಗೆ ಹೋಗುವ ಇಂಧನ ಬಹುತೇಕ ನಿಂತೇ ಹೋಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಓಡುತ್ತಿರಲು ಇಂಧನ ಬೇಕೇ ಬೇಕು. ಹಾಗಾಗಿ ಉಳಿತಾಯ ಎಂಬುದೇ ತಪ್ಪು ಲೆಕ್ಕ.

ಅಪಾಯದ ಲೆಕ್ಕ ಇನ್ನೂ ದೊಡ್ಡದು. ಜನ, ಸಾಮಾನು ಸೇರಿ 1,000 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 49 ಲಕ್ಷ ಜೂಲ್. ಅಷ್ಟರಲ್ಲಿ ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಬಿಸಿಗೆ ತರಬಹುದು. ನ್ಯೂಟ್ರಲ್‌ನಲ್ಲಿ ಇಳಿದರೆ ಇದರ ಬಹುಪಾಲು ಬ್ರೇಕಿನ ಮೇಲೇ ಬೀಳುತ್ತದೆ. ದ್ರವ ಹಳೆಯದಾಗಿದ್ದರೆ ಕುದಿದು ಆವಿಯಾಗುತ್ತದೆ, ಪೆಡಲ್ ಒತ್ತಿದರೆ ನೆಲಕ್ಕೆ ಹೋಗುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿಟ್ಟು, ವೇಗವನ್ನು ಇಂಜಿನ್ನೇ ಹಿಡಿಯುವಂತೆ ಮಾಡಿ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಆರಲು ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ.

ಸಲಹೆ 3: ಬ್ರೇಕ್ ಫೇಲ್ ಆದರೆ ಇಂಜಿನ್ ಆಫ್

ಬೇಡ. ಇಂಜಿನ್ ಆಫ್ ಆದರೆ ಬೂಸ್ಟರಿನ ಸಹಾಯ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಕೀ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಕೂಡ ಆಗಬಹುದು.

ಬದಲಿಗೆ ಪೆಡಲನ್ನು ಬೇಗ ಬೇಗ ಪಂಪ್ ಮಾಡಿ, ಪೂರ್ತಿ ಒತ್ತಿ. ಈಗಿನ ಕಾರುಗಳಲ್ಲಿ ಬ್ರೇಕ್ ಪೈಪುಗಳು ಎರಡು ಪ್ರತ್ಯೇಕ ಗುಂಪಾಗಿರುತ್ತವೆ. ಒಂದು ಸೋರಿದರೂ ಇನ್ನೊಂದು ಹಿಡಿಯುವ ಸಾಧ್ಯತೆ ಇದೆ. ಗೇರನ್ನು ಒಂದೊಂದಾಗಿ ಇಳಿಸಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ನಿಧಾನವಾಗಿ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗಬಹುದು. ಹಾರ್ನ್, ಹಜಾರ್ಡ್ ಲೈಟ್ ಹಾಕಿ ಪಕ್ಕಕ್ಕೆ ಬನ್ನಿ. ಕಾರು ಪೂರ್ತಿ ನಿಂತ ಮೇಲೆ ಇಂಜಿನ್ ಆಫ್ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ

ಬ್ಲೀಡಿಂಗ್, ಪ್ಯಾಡ್ ಬದಲಾವಣೆಗಳನ್ನು ವಿಡಿಯೋ ನೋಡಿ ಕಲಿಯಲು ಹೋಗಬೇಡಿ, ನುರಿತ ಮೆಕ್ಯಾನಿಕ್‌ಗೆ ಬಿಡಿ. ನಿಮ್ಮ ಕೆಲಸ ಲಕ್ಷಣ ಗುರುತಿಸುವುದು. ಗ್ಯಾರೇಜಿನಲ್ಲಿ ‘ಆಯಿಲ್ ಟಾಪ್‌ಅಪ್ ಮಾಡಿ’ ಎನ್ನುವ ಬದಲು ‘ಆಯಿಲ್ ಯಾಕೆ ಇಳಿದಿದೆ ನೋಡಿ’ ಎಂದು ಕೇಳಿ. ಮುಂದಿನ ವಾರ ಯಾರಾದರೂ ಘಾಟಿ ದಾರಿಯಲ್ಲಿ ಊರಿಗೆ ಹೊರಟಿದ್ದರೆ, ಅವರಿಗೆ ಈ ಒಂದು ಪ್ರಶ್ನೆಯನ್ನಾದರೂ ಫಾರ್ವರ್ಡ್ ಮಾಡಿ.