ಇ-ದ್ರವಗಳ ಮಾಗುವಿಕೆ: ಒಂದು ರಾಸಾಯನಿಕ ವಿವೇಚನೆ

ಇಲೆಕ್ಟ್ರಾನಿಕ್ ಸಿಗರೇಟಿನಲ್ಲಿ ತುಂಬುವ ದ್ರವವನ್ನು ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಕೆಲವರು ಮನೆಯಲ್ಲಿಯೇ ಬೆರಸಿಕೊಳ್ಳುವರು. ಬೆರಸಿದ ಕೂಡಲೆ ಅದನ್ನು ಬಳಸದೆ, ಸೀಸೆಗೆ ಬಿರಡೆಯಿಟ್ಟು ಕತ್ತಲೆಯ ಕಪಾಟಿನಲ್ಲಿ ಇಡುವುದು ಅವರ ವಾಡಿಕೆ. ಹಣ್ಣಿನ ರುಚಿಯ ದ್ರವಕ್ಕೆ ಕೆಲವು ದಿನಗಳು ಸಾಕೆಂದೂ, ವೆನಿಲಾ ಅಥವಾ ಕಸ್ಟರ್ಡ್ ರುಚಿಯದಕ್ಕೆ ಹಲವು ವಾರಗಳೇ ಬೇಕೆಂದೂ ಅವರು ಹೇಳುವುದುಂಟು. ಚಹದ ಎಲೆಯನ್ನು ನೆನೆಹಾಕುವುದಕ್ಕೆ ಇಂಗ್ಲಿಷಿನಲ್ಲಿ ಸಲ್ಲುವ ‘ಸ್ಟೀಪಿಂಗ್’ ಎಂಬ ಪದವನ್ನೇ ಇದಕ್ಕೂ ಬಳಸುತ್ತಾರೆ. ಈ ಹೆಸರು ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ಎಲೆಯೂ ಇಲ್ಲ, ಅದರಿಂದ ಸತ್ತ್ವ ಇಳಿಯುವುದೂ ಇಲ್ಲ. ‘ಮಾಗುವುದು’ ಎಂಬ ನಮ್ಮ ಮಾತೇ ಮೇಲು.

ಭಾರತದಲ್ಲಿ 2019ರ ಕಾಯಿದೆಯು ಇಂತಹ ಸಿಗರೇಟುಗಳ ತಯಾರಿಕೆ, ಮಾರಾಟ, ಆಮದು, ಜಾಹೀರಾತುಗಳನ್ನು ನಿಷೇಧಿಸಿದೆ. ಆದಕಾರಣ ನಮ್ಮ ಉದ್ದೇಶ ತಯಾರಿಕೆಯ ವಿಧಾನವನ್ನು ತಿಳಿಸುವುದಲ್ಲ. ಹೊರಗಿನಿಂದ ಏನನ್ನೂ ಸೇರಿಸದೆ ಸುಮ್ಮನೆ ಇಟ್ಟ ಒಂದು ಮಿಶ್ರಣವು ತಾನಾಗಿಯೇ ಬೇರೊಂದು ಮಿಶ್ರಣವಾಗುವ ಬಗೆ ಸಾವಯವ ರಸಾಯನವನ್ನು ಕಲಿಸುವವರಿಗೂ ಕಲಿಯುವವರಿಗೂ ಗಮನಾರ್ಹವೆಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಇ-ದ್ರವದ ಬಹುಭಾಗ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಾಲ್. ಇವುಗಳೊಡನೆ ಅಲ್ಪ ಪ್ರಮಾಣದಲ್ಲಿ ಪರಿಮಳದ್ರವ್ಯಗಳೂ, ಅನೇಕ ವೇಳೆ ನಿಕೊಟಿನ್ನೂ ಇರುತ್ತವೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗ್ಲಿಸರಾಲಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಇಷ್ಟು ಮಂದವಾದ ದ್ರವದಲ್ಲಿ ಪರಿಮಳದ ಅಣುಗಳು ತಾವಾಗಿ ಹರಡಿಕೊಳ್ಳಲು ಕಾಲ ಹಿಡಿಯುವುದು ಸಹಜ. ಮಾಗುವಿಕೆಯೆಂದರೆ ಇಷ್ಟೇ ಎಂದು ಕೆಲವರು ವಾದಿಸುವರು. ಹಾಗಿದ್ದಲ್ಲಿ ಕೆಲವು ನಿಮಿಷ ಚೆನ್ನಾಗಿ ಕಲಕಿದರೆ ಕೆಲಸ ಮುಗಿಯಬೇಕಾಗಿತ್ತು. ವಾರಗಟ್ಟಲೆ ನಡೆಯುವ ವ್ಯತ್ಯಾಸಕ್ಕೆ ಬೇರೆ ಕಾರಣವನ್ನು ಹುಡುಕಬೇಕು.

ಆ ಕಾರಣಗಳಲ್ಲಿ ಮುಖ್ಯವಾದುದು ಆಲ್ಡಿಹೈಡುಗಳ ವರ್ತನೆ. ವೆನಿಲಾದ ವೆನಿಲಿನ್, ಕಹಿಬಾದಾಮಿಯ ಬೆಂಜಾಲ್ಡಿಹೈಡ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಇವೆಲ್ಲ ಆ ವರ್ಗಕ್ಕೆ ಸೇರಿದವು. ಆಲ್ಡಿಹೈಡು ಆಲ್ಕೊಹಾಲಿನೊಡನೆ ಕೂಡಿ ಅಸಿಟಾಲ್ ಆಗುವುದನ್ನೂ, ಜೊತೆಗೆ ನೀರಿನ ಒಂದು ಅಣು ಹೊರಬೀಳುವುದನ್ನೂ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತಿರುತ್ತಾರೆ. ಆಮ್ಲದ ಪ್ರೇರಣೆ ಬೇಕು, ಹುಟ್ಟಿದ ನೀರನ್ನು ತೆಗೆಯುತ್ತಿರಬೇಕು ಎಂಬುದೂ ಪಾಠದಲ್ಲಿ ಬರುವ ಮಾತು. ಸೀಸೆಯಲ್ಲಿ ಈ ಏರ್ಪಾಡುಗಳಾವುವೂ ಇಲ್ಲ. ಆದರೂ ಕ್ರಿಯೆ ನಡೆಯುತ್ತದೆ. ಪ್ರೊಪಿಲೀನ್ ಗ್ಲೈಕಾಲಿನ ಎರಡು ಹೈಡ್ರಾಕ್ಸಿಲ್ ಗುಂಪುಗಳು ಅಕ್ಕಪಕ್ಕದ ಕಾರ್ಬನ್‌ಗಳ ಮೇಲಿರುವುದರಿಂದ ಐದು ಪರಮಾಣುಗಳ ಸ್ಥಿರವಾದ ಉಂಗುರ ಸುಲಭವಾಗಿ ಕೂಡಿಕೊಳ್ಳುವುದು. ಅಲ್ಲದೆ ಗ್ಲೈಕಾಲೇ ಇಲ್ಲಿ ದ್ರಾವಕ. ಅದರ ರಾಶಿಯ ನಡುವೆ ಆಲ್ಡಿಹೈಡಿನ ಪಾಲು ಅತ್ಯಲ್ಪ. ಸಮತೋಲವು ಅಸಿಟಾಲಿನ ಕಡೆಗೆ ವಾಲುವುದರಲ್ಲಿ ಆಶ್ಚರ್ಯವೇನಿದೆ?

ಅಮೆರಿಕದ ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾನಿಲಯಗಳ ಸಂಶೋಧಕರು 2018ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಪರಿಮಳದ ಆಲ್ಡಿಹೈಡುಗಳಲ್ಲಿ ಶೇಕಡ 40ರವರೆಗೂ ಅಸಿಟಾಲ್ ಆಗಿ ಮಾರ್ಪಡಬಹುದೆಂದು ಅವರು ಕಂಡರು. ಈ ಅಸಿಟಾಲುಗಳು ಶೇಕಡ 50ರಿಂದ 80ರಷ್ಟು ಹಾಳಾಗದೆ ಆವಿಗೆ ಸಾಗುತ್ತವೆ. ಶರೀರದ್ರವವನ್ನು ಹೋಲುವ ಜಲೀಯ ದ್ರಾವಣದಲ್ಲಿ ಅವುಗಳ ಅರ್ಧಾಯುಷ್ಯ 36 ಗಂಟೆಗಳಿಗೂ ಮೀರಿದ್ದು. ಎಂದಮೇಲೆ ಶ್ವಾಸಕೋಶದ ತೇವವನ್ನು ಮುಟ್ಟಿದೊಡನೆ ಅವು ಮತ್ತೆ ಆಲ್ಡಿಹೈಡಾಗಿ ಒಡೆದುಹೋಗುವುವೆಂದು ನೆಚ್ಚುವಂತಿಲ್ಲ.

ಎಳೆಯ ದ್ರವದ ಚುರುಕು ಕಾಲಕ್ರಮದಲ್ಲಿ ಇಳಿದು ರುಚಿ ಹದವಾಯಿತೆಂದು ಬಳಸುವವರು ಹೇಳುವ ಮಾತಿಗೆ ಆಲ್ಡಿಹೈಡು ಕಡಮೆಯಾಗುವುದು ಒಂದು ಕಾರಣವಿರಬಹುದೆಂದು ನಾವು ಊಹಿಸುತ್ತೇವೆ. ನಾಲಗೆಗೆ ಹದವಾದುದು ಶ್ವಾಸನಾಳಕ್ಕೂ ಹಾಗೆಯೇ ಎಂದು ಮಾತ್ರ ಹೇಳಲಾಗದು. ಶರೀರದಲ್ಲಿ ಸಾಸಿವೆಯ ಘಾಟನ್ನು ಗುರುತಿಸುವ ಗ್ರಾಹಕವೊಂದು, ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಗ್ರಾಹಕ ಮತ್ತೊಂದು ಉಂಟು. ಆಲ್ಡಿಹೈಡುಗಳು ಕೆರಳಿಸುವುದು ಮೊದಲನೆಯದನ್ನು. ಮೇಲೆ ಹೇಳಿದ ಸಂಶೋಧನೆಯಲ್ಲಿ ಅಸಿಟಾಲುಗಳು ಅದರೊಡನೆ ಎರಡನೆಯದನ್ನೂ ಕೆರಳಿಸಿದುವು.

ನಿಕೊಟಿನ್ನಿನ ಕಥೆ ಇದಕ್ಕಿಂತ ಸರಳ. ಶುದ್ಧ ನಿಕೊಟಿನ್ ಬಹುಮಟ್ಟಿಗೆ ಬಣ್ಣವಿಲ್ಲದ್ದು. ಗಾಳಿ ಬೆಳಕುಗಳ ಸೋಂಕಿನಿಂದ ಉತ್ಕರ್ಷಣ ಹೊಂದಿ ಕಂದು ಬಣ್ಣಕ್ಕೆ ತಿರುಗುವುದು. ಮನೆಯಲ್ಲಿ ಬೆರಸುವವರಲ್ಲಿ ಹಲವರು ದ್ರವ ಕಂದಾದುದನ್ನು ಮಾಗಿದ ಗುರುತೆಂದು ಮೆಚ್ಚಿಕೊಳ್ಳುವರು. ಔಷಧಶಾಸ್ತ್ರಜ್ಞನ ಕಣ್ಣಿಗೆ ಅದು ಕೆಡುತ್ತಿರುವ ಗುರುತು.

ಕಸ್ಟರ್ಡ್ ರುಚಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬೆಣ್ಣೆಯ ಪರಿಮಳವನ್ನು ಕೊಡುವ ಡೈಅಸಿಟೈಲ್ ತಿನ್ನುವ ಪದಾರ್ಥಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಅದರ ಆವಿಯನ್ನು ಉಸಿರಾಡುತ್ತಿದ್ದ ಮಿಸೌರಿ ಸಂಸ್ಥಾನದ ಒಂದು ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಲ್ಲಿ ಕಿರುಶ್ವಾಸನಾಳಗಳು ಮುಚ್ಚಿಹೋಗುವ ಗುಣವಾಗದ ರೋಗ 2000ದಲ್ಲಿ ಬೆಳಕಿಗೆ ಬಂದಿತು. ತರುವಾಯ ಅದನ್ನು ಬಿಟ್ಟು ಅಸಿಟಾಯಿನ್ ಎಂಬುದನ್ನು ಬಳಸತೊಡಗಿದರು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ, ಇ-ದ್ರವದಲ್ಲಿರುವ ಅಸಿಟಾಯಿನ್ ಶೇಖರಣೆಯ ಅವಧಿಯಲ್ಲಿ ಡೈಅಸಿಟೈಲ್ ಆಗಿ ಮಾರ್ಪಡುವುದೆಂದು ತಿಳಿದುಬಂದಿದೆ. ಎಲ್ಲಕ್ಕಿಂತ ಹೆಚ್ಚು ದಿನ ಮಾಗಿಸಬೇಕೆಂದು ಹೇಳಲಾಗುವ ದ್ರವವೇ ಇದು ಎಂಬುದನ್ನು ಗಮನಿಸಬೇಕು.

ಕಾಯಲು ತಾಳ್ಮೆಯಿಲ್ಲದವರು ಸೀಸೆಯನ್ನು ಬಿಸಿನೀರಿನಲ್ಲಿ ಇಡುವುದೂ, ಬಿರಡೆ ತೆರೆದು ‘ಉಸಿರಾಡಿಸುವುದೂ’ ಉಂಟು. ಶಾಖವು ದ್ರವವನ್ನು ತೆಳುಮಾಡಿ ಬೆರಕೆಗೆ ನೆರವಾಗುವುದು ನಿಜ. ಅದರ ಜೊತೆಗೆ ಉತ್ಕರ್ಷಣದ ವೇಗವನ್ನೂ ಏರಿಸುವುದು. ಬಿರಡೆ ತೆರೆದಿಟ್ಟರೆ ಮೊದಲು ಹಾರಿಹೋಗುವುವು ಹಣ್ಣಿನ ಪರಿಮಳಕ್ಕೆ ಆಧಾರವಾದ ಹಗುರ ಎಸ್ಟರುಗಳು.

ಇಂತಹ ದ್ರವಗಳ ವಿಶ್ಲೇಷಣೆಯ ಕೋಷ್ಟಕಗಳಲ್ಲಿ ಘಟಕಗಳ ಪ್ರಮಾಣದೊಡನೆ, ಬೆರಸಿ ಎಷ್ಟು ದಿನಗಳಾದುವು, ಯಾವ ಉಷ್ಣತೆಯಲ್ಲಿ ಇಡಲಾಗಿತ್ತು ಎಂಬ ಎರಡು ಅಂಕಣಗಳೂ ಇರತಕ್ಕದ್ದೆಂದು ನಮ್ಮ ಅಭಿಪ್ರಾಯ. ಅವಿಲ್ಲದ ಕೋಷ್ಟಕವು ಬೆರಸಿದವನು ಏನನ್ನು ಹಾಕಿದನೆಂದು ತಿಳಿಸೀತು. ಸೇದುವವನ ಎದೆಗೆ ಏನು ಹೋಯಿತೆಂಬುದನ್ನು ತಿಳಿಸಲಾರದು.