ಬಾಡಿಗೆ ಕಳ್ಳ, ಕಣ್ಣಿಗೆ ಅಂಜನ: ಮಾಯಗಾರ ಕಳ್ಳನ ಕಥೆ ಯಡೂರಲ್ಲಿ ಯಾಕೆ ನಡೀಬಾರದು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡ್ರಾ? ಹಾಗಾದ್ರೆ ಶುರು ಮಾಡೋಣ.

ಹೋದ ವಾರ ಒಂದು ವಾಯ್ಸ್ ಮೆಸೇಜ್ ಬಂತು. ಚಿಕ್ಕೋಡಿ ಕಡೆ, ಕೃಷ್ಣಾ ದಂಡೆಯ ಯಡೂರಿನ ಹುಡುಗ. ಹಿಂದೆ ಬಸ್ಸಿನ ಗದ್ದಲ, ಕಂಡಕ್ಟರ್ ಸೀಟಿ. "ಅಕ್ಕಾರ, ನಾ ಒಂದ್ ಸೀರೀಸ್ ಬರ್ಯಾಕತ್ತೇನ್ರಿ. ಹೀರೋ ಕಳ್ಳ ಅದಾನ್ರಿ, ಅವಂಗ ಮಾಯಾ ಬರತೈತಿ. ಯಾರ್ ರೊಕ್ಕಾ ಕೊಡ್ತಾರ ಅವ್ರಿಗೆ ಬೇಕಾದ್ದು ಕದ್ದ್ ತಂದ್ ಕೊಡ್ತಾನ. ಕಥಿ ಲಂಡನ್‌ದಾಗ ನಡೀತೈತ್ರಿ."

ಲಂಡನ್ ಯಾಕಪ್ಪಾ ಅಂತ ಕೇಳಿದೆ. ನಕ್ಕುಬಿಟ್ಟ. "ಯಡೂರಾಗ ಇಂಥಾವೆಲ್ಲಾ ಹೆಂಗ್ ನಡೀತಾವ್ರಿ ಅಕ್ಕಾರ?"

ಇವತ್ತಿನ ಸಂಚಿಕೆ ಪೂರ್ತಿ ಆ ಪ್ರಶ್ನೆಗೆ ಉತ್ತರ. ಯಾಕಂದ್ರೆ ಅವನು ಬರೀತಾ ಇರೋ ಕಳ್ಳ ಕನ್ನಡಕ್ಕೆ ಬಂದು ಹತ್ತಿರ ಹತ್ತಿರ ಸಾವಿರ ವರ್ಷ ಆಯ್ತು. ಆ ಕಳ್ಳನ ಬೆನ್ನು ಹತ್ತಿದ ದೊಡ್ಡ ವಿದ್ವಾಂಸರೊಬ್ಬರು ಇವನದೇ ಸೀಮೆಯವರು. ಅವರ ಹೆಸರು ಆಮೇಲೆ ಹೇಳ್ತೀನಿ.

ಮೊದಲು ಈ ಜಾತಿಯ ಕಥೆ ಅಂದ್ರೆ ಏನು ಅಂತ. ಅರ್ಬನ್ ಫ್ಯಾಂಟಸಿ ಅಂತಾರಲ್ಲ, ಅದರಲ್ಲಿ ಮಾಯೆ ಇರೋದು ದೂರದ ಕಾಡಲ್ಲಿ, ಡ್ರ್ಯಾಗನ್ ಗುಹೆಯಲ್ಲಿ ಅಲ್ಲ. ಮನೆ ಬಾಡಿಗೆ, ಪೊಲೀಸ್ ಠಾಣೆ, ಟ್ರಾಫಿಕ್ ಜಾಮ್ ಇರೋ ಊರಲ್ಲೇ ಇರುತ್ತೆ. ಅದರ ಒಂದು ಕವಲು ಬಾಡಿಗೆ ಕಳ್ಳ. ಯಾರೋ ಬರ್ತಾರೆ, ಇಂಥ ವಸ್ತು ಇಂಥವರ ಮನೇಲಿದೆ, ತಂದುಕೊಡು, ಇಷ್ಟು ಕೊಡ್ತೀನಿ ಅಂತಾರೆ. ಇದಕ್ಕೆ ಹತ್ತಿರದ ನೆಂಟ ಲೀ ಬಾರ್ಡುಗೊ ಬರೆದ, 2015ರಲ್ಲಿ ಬಂದ 'ಸಿಕ್ಸ್ ಆಫ್ ಕ್ರೋಸ್'. ಬಂದರು ಊರಿನ ಪುಂಡ ಹುಡುಗ ಹುಡುಗಿಯರ ಗುಂಪು, ವ್ಯಾಪಾರಿಯೊಬ್ಬ ಕೊಡೋ ಭಾರಿ ಮೊತ್ತಕ್ಕೆ ಯಾರೂ ನುಗ್ಗಲಾಗದ ಕೋಟೆಗೆ ನುಗ್ಗೋ ಕಥೆ.

ಸರಿ. ಆದ್ರೆ ಒಂದು ಪ್ರಶ್ನೆ. ಕಣ್ಣಿಗೆ ಕಾಣದ ಹಾಗೆ ಆಗಬಲ್ಲ ಕಳ್ಳನಿಗೆ ಕಷ್ಟ ಏನು? ಹೋಗ್ತಾನೆ, ತಗೋತಾನೆ, ಬರ್ತಾನೆ. ಎರಡು ನಿಮಿಷಕ್ಕೆ ಕಥೆ ಮುಗೀತು. ಹೊಸದಾಗಿ ಬರೆಯೋ ಬಹಳ ಜನ ಜಾರೋದು ಇಲ್ಲೇ. ಅವರು ಕಳ್ಳನಿಗೆ ಶಕ್ತಿ ಮೇಲೆ ಶಕ್ತಿ ಕೊಡ್ತಾ ಹೋಗ್ತಾರೆ. ಕಥೆ ಶುರುವಾಗೋದು ಶಕ್ತಿ ಇರೋ ಕಡೆ ಅಲ್ಲ, ಅದು ಸೋರೋ ಕಡೆ. ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅಂಜನಚೋರನನ್ನ ನೋಡಿ. ಜೈನ ಕಥೆಗಳಲ್ಲಿ ಬಹಳ ಹೆಸರುವಾಸಿ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲೇ ಅವನ ಹೆಸರು ಬರುತ್ತೆ. ಕನ್ನಡದಲ್ಲಿ ಈಗಿನ ಗದಗ ಜಿಲ್ಲೆಯ ಮುಳುಗುಂದದ ನಯಸೇನ 1112ರಲ್ಲಿ ಬರೆದ 'ಧರ್ಮಾಮೃತ'ದಲ್ಲಿ ಇವನ ಕಥೆ ಇದೆ. ಹೇಳುವವರು ಬದಲಾದ ಹಾಗೆ ಊರು, ಹೆಸರು ಸ್ವಲ್ಪ ಬದಲಾಗುತ್ತೆ. ಮೂಳೆ ಮಾತ್ರ ಒಂದೇ.

ಇವನು ಕಣ್ಣಿಗೆ ಒಂದು ಅಂಜನ, ಅಂದ್ರೆ ಕಾಡಿಗೆ, ಹಚ್ಚಿಕೊಂಡ್ರೆ ಯಾರಿಗೂ ಕಾಣಲ್ಲ. ಅಂಜನಸುಂದರಿ ಅನ್ನೋ ವೇಶ್ಯೆ ಅಂದ್ರೆ ಅವನಿಗೆ ಪ್ರಾಣ. ಒಂದಿನ ಅವಳು ರಾಣಿಯ ಕೊರಳಲ್ಲಿ ಹಾರ ನೋಡ್ತಾಳೆ. ಅದನ್ನ ತಂದ್ರೆ ಮಾತ್ರ ಈ ಮನೆಗೆ ಬಾ ಅಂತಾಳೆ. ನೋಡ್ರಿ, ಇದೇ ಸುಪಾರಿ! ಕೂಲಿ ದುಡ್ಡಲ್ಲ, ಅಷ್ಟೇ ವ್ಯತ್ಯಾಸ. ಇವನು ಅರಮನೆಗೆ ಹೋಗ್ತಾನೆ, ಹಾರ ಎತ್ತಿಕೊಂಡು ಬರ್ತಾನೆ. ಬೀದಿಯಲ್ಲಿ ಕಾವಲಿನವರು ನೋಡ್ತಾರೆ, ಬೆಳಕಿನ ಗೆರೆಯೊಂದು ಗಾಳಿಯಲ್ಲಿ ತೇಲ್ತಾ ಹೋಗ್ತಾ ಇದೆ. ಕಳ್ಳ ಕಾಣಲ್ಲ, ಆದ್ರೆ ಹಾರದ ರತ್ನ ಹೊಳೀತಾ ಇದೆ!

ನನಗೆ ಈ ಜಾಗ ಎಷ್ಟು ಇಷ್ಟ ಅಂದ್ರೆ, ಮೊದಲ ಸಲ ಓದಿದಾಗ ಮೊಬೈಲ್ ಪಕ್ಕಕ್ಕಿಟ್ಟು ನಕ್ಕಿದ್ದೆ. ಅಂಜನಕ್ಕೆ ಮೈ ಮುಚ್ಚೋ ಶಕ್ತಿ ಇದೆ, ಕದ್ದ ಮಾಲನ್ನ ಮುಚ್ಚೋ ಶಕ್ತಿ ಇಲ್ಲ.

ಹಾರ ಬಿಸಾಕಿ ಓಡ್ತಾನೆ. ಓಡಿ ಸೇರೋದು ಸ್ಮಶಾನಕ್ಕೆ. ಅಲ್ಲಿ ಸೋಮದತ್ತ ಅನ್ನೋ ಮಾಲಿ ಆಲದ ಕೊಂಬೆಗೆ 108 ಎಳೆಯ ದರ್ಭೆಯ ನೆಲುವು ಕಟ್ಟಿದಾನೆ. ಕೆಳಗೆ ನೆಲದಲ್ಲಿ ಮೊನೆ ಮೇಲಾಗಿ ಆಯುಧ ನಿಲ್ಲಿಸಿದಾನೆ. ಮೇಲೆ ಕೂತು ಮಂತ್ರ ಹೇಳ್ತಾ ಒಂದೊಂದೇ ಎಳೆ ಕತ್ತರಿಸಬೇಕು, ಆಗ ಆಕಾಶದಲ್ಲಿ ಹಾರೋ ವಿದ್ಯೆ ಸಿಗುತ್ತೆ. ಪಾಪ, ಮಾಲಿಗೆ ಭಯ. ಸುಳ್ಳಾದ್ರೆ ಸತ್ತೆ ಅಂತ ಹತ್ತೋದು, ಇಳಿಯೋದು, ಮತ್ತೆ ಹತ್ತೋದು. ಹಿಂದೆ ಕಾವಲಿನವರು ಬರ್ತಿರೋ ಕಳ್ಳನಿಗೆ ಕಳ್ಕೊಳ್ಳೋಕೆ ಏನಿದೆ? ಮಂತ್ರ ಕೇಳ್ಕೊಂಡ, ಹತ್ತಿದ, ಎಲ್ಲಾ ಎಳೆಯನ್ನೂ ಒಂದೇ ಏಟಿಗೆ ಕತ್ತರಿಸಿದ. ಹಾರಿಬಿಟ್ಟ. ಧರ್ಮಗ್ರಂಥದವರಿಗೆ ಇದು ಸಂದೇಹ ಇಲ್ಲದ ನಂಬಿಕೆಗೆ ಉದಾಹರಣೆ. ಕಥೆ ಬರೆಯೋರಿಗೆ ಇದು ಬೇರೆ ಪಾಠ: ಒಂದು ಮಾಯೆ ಸೋತ ಕಡೆಯೇ ಎರಡನೇ ಮಾಯೆ ಸಿಗಬೇಕು, ಅದೂ ಜೀವದ ಬೆಲೆ ಇಟ್ಟು.

ಅಂಜನಕ್ಕೆ ಇನ್ನೊಂದು ತೂತು ಇದೆ. 16ನೇ ಶತಮಾನದ ಮೂರನೇ ಮಂಗರಸ ಕನ್ನಡಕ್ಕೆ ತಂದ 'ಸಮ್ಯಕ್ತ್ವ ಕೌಮುದಿ'ಯ ಕಥೆಗಳಲ್ಲಿ ರೂಪ್ಯಖುರ ಅನ್ನೋ ಕಳ್ಳ ಬರ್ತಾನೆ. ಅವನು ಹಾರ ಗೀರ ಕದಿಯಲ್ಲ. ಅಂಜನ ಹಚ್ಚಿಕೊಂಡು ದಿನಾ ಅರಸನ ಪಕ್ಕ ಕೂತು, ಅರಸನ ತಟ್ಟೆಯಲ್ಲೇ ಉಣ್ತಾನೆ! ಅರಸ ಸೊರಗಿ ಕಡ್ಡಿ ಆಗ್ತಾನೆ. ಮಂತ್ರಿಗೆ ಅನುಮಾನ ಬರುತ್ತೆ. ನೆಲದ ಮೇಲೆ ಒಣಗಿದ ಎಕ್ಕದ ಹೂ ಚೆಲ್ಲಿಸ್ತಾನೆ. ಊಟದ ಹೊತ್ತಿಗೆ ಯಾರೂ ಕಾಣದ ಕಡೆ ಹೂ ಚಟಚಟ ಅಂತವೆ. ಕೂಡಲೇ ಬಾಗಿಲು ಹಾಕಿಸಿ ಹೊಗೆ ಹಾಕಿಸ್ತಾನೆ. ಹೊಗೆಗೆ ಕಣ್ಣುರಿ, ಕಣ್ಣೀರು. ಕಣ್ಣೀರಿಗೆ ಅಂಜನ ತೊಳೆದು ಹೋಯ್ತು. ಊಟದ ನಡುವೆ ಕಳ್ಳ ಬಯಲಾದ. ಅವನಿಗೆ ಶೂಲದ ಶಿಕ್ಷೆ. ಮಾಯೆಯನ್ನ ಮಾಯೆಯಿಂದ ಸೋಲಿಸಲಿಲ್ಲ ನೋಡಿ ಮಂತ್ರಿ. ಕಾಡಿಗೆ ನೀರಿಗೆ ಕರಗುತ್ತೆ ಅನ್ನೋ ಅಡುಗೆಮನೆ ಬುದ್ಧಿಯಿಂದ ಸೋಲಿಸಿದ.

ಅಂದಹಾಗೆ, ಹಳ್ಳಿ ಕಡೆ ಏನಾದ್ರೂ ಕಳುವಾದ್ರೆ "ಅಂಜನ ಹಾಕಿಸಿ ನೋಡೋಣ" ಅನ್ನೋ ಮಾತು ನಿಮ್ಮ ಅಜ್ಜಿ ಬಾಯಲ್ಲೂ ಕೇಳಿರ್ತೀರಿ. ಕಪ್ಪು ಹಚ್ಚಿದ ಎಲೆಯಲ್ಲೋ ಉಗುರಲ್ಲೋ ಕಳ್ಳನ ಮುಖ ಕಾಣುತ್ತೆ ಅನ್ನೋ ನಂಬಿಕೆ. ಕಳ್ಳನನ್ನ ಮುಚ್ಚೋದೂ ಅಂಜನ, ಹಿಡಿಯೋದೂ ಅಂಜನ. ಇದರ ಮೇಲೆ ಯಾರೂ ಸೀರೀಸ್ ಬರೀಬಾರದಾ?

ಕದಿಯೋದನ್ನೇ ವಿದ್ಯೆ ಮಾಡಿಕೊಂಡವನು ಬೇಕು ಅಂದ್ರೆ ಶೂದ್ರಕನ ಸಂಸ್ಕೃತ ನಾಟಕ ಮೃಚ್ಛಕಟಿಕದ ಶರ್ವಿಲಕ. ಗೋಡೆಗೆ ಕನ್ನ ಹಾಕೋ ಮುಂಚೆ ಯಾವ ಆಕಾರದಲ್ಲಿ ಕೊರೆಯಲಿ ಅಂತ ಯೋಚನೆ ಮಾಡ್ತಾನೆ. ಕಮಲವೋ, ಅರ್ಧಚಂದ್ರವೋ, ಪೂರ್ಣಕುಂಭವೋ? ಬೆಳಿಗ್ಗೆ ಜನ ನೋಡಿ ಮೆಚ್ಚಬೇಕಂತೆ. ಅಳತೆ ದಾರ ಮರೆತಿದ್ದಕ್ಕೆ ಜನಿವಾರದಲ್ಲೇ ಅಳೀತಾನೆ. ಗುರು ಕೊಟ್ಟ ಲೇಪ ಹಚ್ಚಿಕೊಂಡ್ರೆ ಕಾವಲಿನವರ ಕಣ್ಣಿಗೆ ಬೀಳಲ್ಲ ಅಂತಾನೆ. ಇಷ್ಟೆಲ್ಲಾ ಯಾಕೆ? ತಾನು ಪ್ರೀತಿಸೋ ಮದನಿಕೆ ದಾಸಿ, ಅವಳನ್ನ ಬಿಡಿಸೋಕೆ ಹಣ ಬೇಕು. ಕದ್ದು ತಂದ ಒಡವೆ ಯಾರದು? ಮದನಿಕೆಯ ಒಡತಿ ವಸಂತಸೇನೆಯದೇ, ಬೇರೆಯವರ ಮನೇಲಿ ಇಟ್ಟಿದ್ದು! ಗಿರೀಶ್ ಕಾರ್ನಾಡ್ 1984ರಲ್ಲಿ ಇದೇ ನಾಟಕ ಇಟ್ಟುಕೊಂಡು 'ಉತ್ಸವ್' ಅನ್ನೋ ಹಿಂದಿ ಸಿನಿಮಾ ಮಾಡಿದ್ರು. ಅದರಲ್ಲಿ ಕಳ್ಳ ಸಜ್ಜಲ ಯಾರು ಗೊತ್ತಾ? ನಮ್ಮ ಶಂಕರ್‌ನಾಗ್. ಹುಡುಕಿ ನೋಡಿ.

ಈಗ ಮಾತು ಕೊಟ್ಟಿದ್ದ ಹೆಸರು. ಯಡೂರಿನ ಹುಡುಗಾ, ನಿಮ್ಮೂರ ಪಕ್ಕದ ಕಲ್ಲೋಳದ ಹತ್ತಿರ ದೂಧಗಂಗಾ ಬಂದು ಕೃಷ್ಣೆಗೆ ಸೇರುತ್ತಲ್ಲ, ಆ ದೂಧಗಂಗೆಯ ಹಿಂದಕ್ಕೆ ಹೋದ್ರೆ ಸದಲಗಾ. ಆ ಊರಲ್ಲಿ 1906ರಲ್ಲಿ ಹುಟ್ಟಿದವರು ಆದಿನಾಥ ನೇಮಿನಾಥ ಉಪಾಧ್ಯೆ. ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸ್ತಿದ್ರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ್ರು. ಅವರು 1943ರಲ್ಲಿ ಸಂಪಾದಿಸಿ ಹೊರತಂದ ಪುಸ್ತಕ ಹರಿಷೇಣನ 'ಬೃಹತ್ಕಥಾಕೋಶ', 10ನೇ ಶತಮಾನದ ಸಂಸ್ಕೃತ ಗ್ರಂಥ, 157 ಕಥೆ. ಅದರಲ್ಲಿರೋ ಕಳ್ಳನೊಬ್ಬ ಕನ್ನಡದ ಅತಿ ಹಳೆಯ ಗದ್ಯಗ್ರಂಥಗಳಲ್ಲಿ ಒಂದಾದ 'ವಡ್ಡಾರಾಧನೆ'ಯಲ್ಲೂ ಇದ್ದಾನೆ. ವಡ್ಡಾರಾಧನೆಯಲ್ಲಿ 19 ಕಥೆ. ಅದನ್ನ ಡಿ.ಎಲ್. ನರಸಿಂಹಾಚಾರ್ ಸಂಪಾದಿಸಿ 1949ರಲ್ಲಿ ಕೊಟ್ರು. ಹಸ್ತಪ್ರತಿಗಳ ಮುಂದೆ ಕಣ್ಣು ಕಿರಿದು ಮಾಡ್ಕೊಂಡು ಕೂತ ಇಂಥ ವಿದ್ವಾಂಸರು ಇಲ್ಲದಿದ್ರೆ ಈ ಕಳ್ಳ ಖರೇನೇ ಮಾಯ ಆಗಿಬಿಡ್ತಿದ್ದ.

ಅವನ ಹೆಸರು ವಿದ್ಯುಚ್ಚೋರ. ನನ್ನ ಲೆಕ್ಕದಲ್ಲಿ ಇವನು ಎಲ್ಲರಿಗಿಂತ ದೊಡ್ಡವನು, ಅದಕ್ಕೇ ಕೊನೆಗೆ ಇಟ್ಕೊಂಡಿದ್ದೆ.

ಮಿಥಿಳಾ ಪಟ್ಟಣ. ವಾಮರಥ ಅರಸ. ಊರು ಕಾಯೋ ತಳಾರ, ಅಂದ್ರೆ ಈಗಿನ ಪೊಲೀಸ್ ಮುಖ್ಯಸ್ಥ, ಯಮದಂಡ. ಊರಲ್ಲಿ ಒಬ್ಬ ಕಳ್ಳ ಇದ್ದಾನೆ. ಹಗಲು ಪಾಳುಗುಡಿಯಲ್ಲಿ ಕುಷ್ಠರೋಗಿಯಾಗಿ ಬಿದ್ದಿರ್ತಾನೆ, ಯಾರೂ ಹತ್ತಿರ ಹೋಗಲ್ಲ. ರಾತ್ರಿ ಆದ್ರೆ ದಿವ್ಯವಾದ ರೂಪ, ಯಾರ ಮನೆಯೂ ಅವನಿಗೆ ಬೀಗ ಅಲ್ಲ. ಸೂಪರ್‌ಹೀರೋ ಸಿನಿಮಾಗಳ ಹಗಲು ವೇಷ, ರಾತ್ರಿ ವೇಷ ನೆನಪಾಯ್ತಾ? ಒಂದಿನ ಅರಸನ ಹಾರಕ್ಕೇ ಕೈ ಹಾಕ್ತಾನೆ. ಅರಸ ತಳಾರನ್ನ ಕರೆದು, ಏಳು ದಿನದಲ್ಲಿ ಕಳ್ಳನ್ನ ತಾ, ಇಲ್ಲಾಂದ್ರೆ ಕಳ್ಳನ ಶಿಕ್ಷೆ ನಿನಗೆ ಅಂತಾನೆ. ಇಲ್ಲಿಂದ ಕಥೆಯ ಬಿಸಿ ಕಳ್ಳನ ತಲೆ ಮೇಲಿಂದ ಪೊಲೀಸನ ತಲೆ ಮೇಲೆ ಹೋಗುತ್ತೆ.

ಯಮದಂಡ ಕೊನೆಗೆ ಆ ಕುಷ್ಠರೋಗಿಯನ್ನೇ ಹಿಡಿದು ತರ್ತಾನೆ. ಇವನೇ ಅಂತಾನೆ. ಅವನು, ಅಯ್ಯೋ ನಾನಲ್ಲ ಸ್ವಾಮಿ ಅಂತಾನೆ. ನಾನಾ ಬಗೆಯಲ್ಲಿ ದಂಡಿಸ್ತಾರೆ, ಬಾಯಿ ಬಿಡಲ್ಲ. ಕಡೆಗೆ ಅರಸ ಅಭಯ ಕೊಟ್ಟು ಕೇಳಿದಾಗ ಒಪ್ಕೋತಾನೆ: ಹೌದು, ನಾನೇ ಕದ್ದಿದ್ದು, ತಳಾರ ಹೇಳಿದ್ದು ನಿಜ. ಮತ್ತೆ ಅಷ್ಟು ಏಟು ಹೇಗೆ ತಡ್ಕೊಂಡೆ? ನರಕದ ನೋವಿನ ಬಗ್ಗೆ ಮುನಿಯೊಬ್ಬರಿಂದ ಕೇಳಿದ್ದೆ, ಅದರ ಮುಂದೆ ಇದೇನು ಅಂದ್ಕೊಂಡೆ ಅಂತಾನೆ. ಆಮೇಲೆ ಬರುತ್ತೆ ಅಸಲಿ ಮಾತು. ಈ ತಳಾರ ನನ್ನ ಗೆಳೆಯ, ಇವನಿಗೆ ಏನೂ ಮಾಡಬೇಡಿ.

ಇಬ್ಬರೂ ದಕ್ಷಿಣ ದೇಶದ ಒಂದೇ ಊರಿನ ಹುಡುಗರು. ಇವನು ಅರಸನ ಮಗ, ಅವನು ತಳಾರನ ಮಗ. ಒಬ್ಬನೇ ಗುರುವಿನ ಹತ್ತಿರ ಓದಿದ್ರು. ಒಬ್ಬ ಕಲಿತಿದ್ದು ಕಳ್ಳರನ್ನ ಹಿಡಿಯೋ ಶಾಸ್ತ್ರ, ಇನ್ನೊಬ್ಬ ಕಲಿತಿದ್ದು ಕದಿಯೋ ಶಾಸ್ತ್ರ. ಆಟದ ಮಾತಲ್ಲಿ ಇವನು ಅಂದಿದ್ದ: ನೀನು ಎಲ್ಲಿ ಕಾವಲಿರ್ತೀಯೋ ಅಲ್ಲೇ ಬಂದು ಕದೀತೀನಿ. ದೊಡ್ಡವರಾದ ಮೇಲೆ ಯಮದಂಡ ಆ ಮಾತಿಗೆ ಹೆದರಿ ಊರೇ ಬಿಟ್ಟು ಮಿಥಿಳೆಗೆ ಬಂದಿದ್ದ. ವಿದ್ಯುಚ್ಚೋರ ಆ ಮಾತು ಉಳಿಸಿಕೊಳ್ಳೋಕೆ ಹುಡುಕ್ಕೊಂಡು ಬಂದಿದ್ದ. ಹಾರ ಯಾರಿಗೂ ಬೇಕಾಗಿರಲಿಲ್ಲ! ಮುಂದೆ ಅವನು ಎಲ್ಲಾ ಬಿಟ್ಟು ಮುನಿ ಆಗ್ತಾನೆ. ಅದು ಗ್ರಂಥದ ಉದ್ದೇಶ, ಸರಿ. ನಾನು ಮಾತ್ರ ಓದೋದನ್ನ ಒಂದು ನಿಮಿಷ ನಿಲ್ಲಿಸೋದು ಆ ಇಬ್ಬರು ಹುಡುಗರ ಹತ್ತಿರ. ಚಿಕ್ಕಂದಿನಲ್ಲಿ ಗೆಳೆಯನಿಗೆ ಹಾಕಿದ ಒಂದು ಪಂಥ, ಅವನ ಕುತ್ತಿಗೆ ಶೂಲದ ಹತ್ತಿರ ಹೋಗೋವರೆಗೂ ಇವನಿಗೆ ಅದು ಆಟವಾಗೇ ಇತ್ತು.

ಉತ್ತರದ ಕಡೆ ಅಮರ್ ಅಯ್ಯಾರ್ ಇದ್ದಾನೆ, ಏನು ತುಂಬಿದ್ರೂ ತುಂಬದ ಚೀಲದವನು. 1888ರಲ್ಲಿ ದೇವಕೀನಂದನ ಖತ್ರಿ ಬರೆದ 'ಚಂದ್ರಕಾಂತಾ'ದ ಅಯ್ಯಾರರು ಇದ್ದಾರೆ, ವೇಷ ಬದಲಿಸೋ, ಮೂರ್ಛೆ ತರಿಸೋ ಸಂಬಳದ ಗೂಢಚಾರರು. ಅವರ ಬಗ್ಗೆ ಬೇರೆ ಸಂಚಿಕೆಯೇ ಮಾಡಬೇಕು, ಇವತ್ತು ಬೇಡ.

ಈಗ ನಿನ್ನ ಸೀರೀಸ್‌ಗೆ ಬರೋಣ ತಮ್ಮಾ. ನಿನ್ನ ಕಳ್ಳ ಯಡೂರಿನವನು ಅಂದ್ಕೋ. ಅಂಜನ ಹಚ್ಚಿದಾನೆ. ಮಳೆಗಾಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗಿ ಕಲ್ಲೋಳ-ಯಡೂರು ಬ್ಯಾರೇಜ್ ಮುಳುಗಿದೆ. ಕದ್ದ ಮಾಲು ಕೈಯಲ್ಲಿದೆ, ಕೊಡಬೇಕಾದವನು ಆ ದಂಡೆಯಲ್ಲಿದಾನೆ. ಸುತ್ತು ಹಾಕಿ ಹೋಗೋಣ ಅಂದ್ರೆ ಮಳೆ ನೀರು ಕಣ್ಣಿಗೆ ಇಳೀತಾ ಇದೆ, ಕಾಡಿಗೆ ಎಷ್ಟು ಹೊತ್ತು ನಿಲ್ಲುತ್ತೆ? ಚಳಿಗಾಲ ಮಾಡ್ಕೊಂಡ್ರೆ ಇನ್ನೂ ಚೆಂದ. ಕಬ್ಬಿನ ಹಂಗಾಮು, ರಾತ್ರಿ ಟ್ರ್ಯಾಕ್ಟರ್ ಸಾಲು, ಬೆಲ್ಲದ ಗಾಣದ ಹೊಗೆ. ರೂಪ್ಯಖುರನಿಗೆ ಮಂತ್ರಿ ಬಾಗಿಲು ಹಾಕಿ ಹೊಗೆ ಹಾಕಿಸಬೇಕಾಯ್ತು, ನಿಮ್ಮ ಕಡೆ ಹೊಗೆ ಪುಕ್ಕಟೆ. ವೀರಭದ್ರ ದೇವರ ಜಾತ್ರೆಯ ಜನದ ನಡುವೆ ಕಾಣದ ಮನುಷ್ಯ ನಡೆದ್ರೆ ಎಷ್ಟು ಜನಕ್ಕೆ ಡಿಕ್ಕಿ ಹೊಡೀತಾನೆ ಲೆಕ್ಕ ಹಾಕು. ಸಿಸಿ ಕ್ಯಾಮೆರಾಕ್ಕೆ ಅಂಜನ ನಡೆಯುತ್ತಾ ಇಲ್ವಾ, ಅದನ್ನ ನೀನೇ ತೀರ್ಮಾನ ಮಾಡು. ಆದ್ರೆ ಒಂದು ಸಲ ತೀರ್ಮಾನಿಸಿದ ಮೇಲೆ ನಿನಗೆ ಅನುಕೂಲ ಆಗುತ್ತೆ ಅಂತ ಐದನೇ ಭಾಗದಲ್ಲಿ ಬದಲಾಯಿಸಬೇಡ. ಕೇಳುಗರು ಅದನ್ನ ಕ್ಷಮಿಸಲ್ಲ.

ಮತ್ತೆ ಅವನನ್ನ ಹಿಡಿಯೋಕೆ ಬರೋ ಪೊಲೀಸ್ ಯಾರು ಅಂತ ಬರ್ಕೊಂಡಿದೀಯಾ? ನಿನ್ನ ಮೆಸೇಜಲ್ಲಿ ಅವನ ಸುದ್ದಿ ಒಂದು ಮಾತೂ ಇರಲಿಲ್ಲ.

ಈ ಸಂಚಿಕೆ ರೆಕಾರ್ಡ್ ಮಾಡೋ ಮುಂಚೆ ಅವನಿಗೆ ಇದನ್ನೇ ಕೇಳಿ ಕಳಿಸಿದ್ದೆ. ರಾತ್ರಿ ಉತ್ತರ ಬಂತು, ಈ ಸಲ ಬಸ್ಸಿನ ಸದ್ದಿಲ್ಲ. "ಅಕ್ಕಾರ, ನನ್ ಜೋಡಿ ಸಾಲಿ ಕಲ್ತಾಂವ ಒಬ್ಬಾಂವ ಪೊಲೀಸ್ ಭರ್ತಿಗೆ ತಯಾರಿ ಮಾಡ್ಯಾನ್ರಿ. ದಿನಾ ಮುಂಜಾನೆ ಹೊಳಿ ದಂಡಿಗೆ ಓಡ್ತಾನ. ಅಂವನ್ನ ಹಾಕ್ಲೇನ್ರಿ?"

ಹಾಕು. ಮೊದಲ ಅಧ್ಯಾಯ ಆದಮೇಲೆ ಕಳಿಸು. ಉಳಿದವರೂ ನಿಮ್ಮೂರಲ್ಲಿ ಕೇಳಿದ ಅಂಜನದ ಕಥೆ, ಕಳ್ಳನ ಕಥೆ ಇದ್ರೆ ವಾಯ್ಸ್ ಮೆಸೇಜ್ ಹಾಕಿ. ಎರಡು ನಿಮಿಷದ ಒಳಗೆ ಇರಲಿ, ಬಸ್ಸಿನ ಗದ್ದಲ ಇದ್ರೂ ನಡೆಯುತ್ತೆ.