ಬೆರೆಯದೆ ಜೊತೆಗೂಡಿದ ನಾದಗಳು

1967ರ ನವೆಂಬರ್ 9. ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವಾದ್ಯವೃಂದ ತನ್ನ 125ನೇ ವರ್ಷದ ಸಂಭ್ರಮಕ್ಕೆಂದು ಬರೆಸಿದ ಕೃತಿಯೊಂದು ಅಂದು ಮೊದಲ ಬಾರಿಗೆ ಮೊಳಗಿತು. ವೃಂದದ ನಿರ್ದೇಶನ ಸೇಜಿ ಒಜಾವಾ ಅವರದು. ಅವರೆದುರು ಜಪಾನಿನ ಇಬ್ಬರು ವಾದಕರು: ಬೀವಾ ಎಂಬ ತಂತಿವಾದ್ಯ ಹಿಡಿದ ಕಿನ್ಶಿ ತ್ಸುರುತಾ, ಶಾಕುಹಾಚಿ ಎಂಬ ಬಿದಿರ ಕೊಳಲಿನ ಕತ್ಸುಯಾ ಯೊಕೊಯಾಮಾ. ಕೃತಿ ‘ನವೆಂಬರ್ ಸ್ಟೆಪ್ಸ್’. ರಚಿಸಿದವರು ತೋರು ತಕೆಮಿತ್ಸು.

ಈ ತಕೆಮಿತ್ಸು (1930–1996) ಒಂದು ಕಾಲಕ್ಕೆ ತಮ್ಮ ನಾಡಿನ ಸಂಗೀತವನ್ನೇ ದೂರವಿಟ್ಟವರು. ಅದು ಕಿವಿಗೆ ಬಿದ್ದರೆ ಯುದ್ಧದ ದಿನಗಳು ನೆನಪಾಗುತ್ತಿದ್ದವು. ಹದಿಹರೆಯದಲ್ಲೇ ಸೇನಾ ಶಿಬಿರ ಸೇರಬೇಕಾಗಿ ಬಂದ ಹುಡುಗ, ಪಾಶ್ಚಾತ್ಯ ಸಂಗೀತಕ್ಕೆ ನಿಷೇಧವಿದ್ದ ಆ ಜಾಗದಲ್ಲಿ ಗುಟ್ಟಾಗಿ ಒಂದು ಫ್ರೆಂಚ್ ಹಾಡು ಕೇಳಿ ಸಂಗೀತಕ್ಕೆ ಮನಸೋತ. ಮುಂದೆ ಕಲಿತದ್ದು ಬಹುಪಾಲು ಸ್ವಂತವಾಗಿ. ಬುನ್ರಾಕು ಬೊಂಬೆಯಾಟದ ಸಂಗೀತ ಮತ್ತು ಅಮೆರಿಕದ ಸಂಯೋಜಕ ಜಾನ್ ಕೇಜ್ ಅವರ ವಿಚಾರಗಳು ಅವರನ್ನು ಮತ್ತೆ ಜಪಾನಿನ ವಾದ್ಯಗಳ ಕಡೆ ತಿರುಗಿಸಿದವು. ಅವರು ಸಂಗೀತ ನೀಡಿದ 1962ರ ‘ಹರಾಕಿರಿ’ ಚಿತ್ರದಲ್ಲಿ ಬೀವಾ ಆಗಲೇ ನುಡಿದಿತ್ತು.

ಎರಡು ಪರಂಪರೆಗಳು ಎದುರಾದರೆ ಬೆರೆಸಿಬಿಡುವ ಆತುರ ಸಂಯೋಜಕರಿಗೆ ಸಹಜ. ತಕೆಮಿತ್ಸು ಆ ಆಸೆಯನ್ನು ಗೆದ್ದರು. ಕೃತಿಯ ಹಿರಿಮೆ ಇರುವುದೂ ಅಲ್ಲೇ. ವೃಂದವನ್ನು ಎಡಬಲವಾಗಿ ಎರಡು ಗುಂಪು ಮಾಡಿ ಕೂರಿಸಿದರು. ವೃಂದ ನುಡಿಯುವಾಗ ಬೀವಾ, ಶಾಕುಹಾಚಿ ಬಹುಮಟ್ಟಿಗೆ ಸುಮ್ಮನಿರುತ್ತವೆ. ಅವು ಮಾತಿಗಿಳಿದರೆ ವೃಂದ ಹಿಂದೆ ಸರಿಯುತ್ತದೆ. ಕೊನೆಯ ಭಾಗದಲ್ಲಿ ಇವೆರಡೇ ಬಹಳ ಹೊತ್ತು ನುಡಿಯುತ್ತವೆ. ಅಲ್ಲಿ ಸಂಯೋಜಕರು ಹೆಚ್ಚಿನದನ್ನು ವಾದಕರ ಉಸಿರಿಗೆ, ಕೈಗೆ ಒಪ್ಪಿಸಿದ್ದಾರೆ.

ಆ ನಾದವಾದರೂ ಎಂಥದ್ದು! ದೊಡ್ಡ ಮೀಟುಕೋಲು ಬೀವಾದ ಮರದ ಮೈಗೇ ಬಡಿಯುತ್ತದೆ, ಕೊಳಲಿನಲ್ಲಿ ಸ್ವರಕ್ಕಿಂತ ಮೊದಲು ಉಸಿರು ಕೇಳಿಸುತ್ತದೆ. ಬೀವಾದ ತಂತಿ ಝೇಂಕರಿಸುವಂತೆ ಬೇಕೆಂದೇ ಹದಗೊಳಿಸಿರುತ್ತಾರೆ. ತಂಬೂರಿಯ ತಂತಿಯಡಿ ನೂಲೆಳೆ ಸರಿಸಿ ಜೀವಾಳಿ ಹಿಡಿಯುವುದನ್ನು ಬಲ್ಲ ನಮ್ಮವರಿಗೆ ಈ ಝೇಂಕಾರ ಅಪರಿಚಿತವಲ್ಲ.

ಫ್ಯೂಷನ್ ಕಛೇರಿಗಳು ಸಾಮಾನ್ಯವಾಗಿರುವ ಬೆಂಗಳೂರಿನಲ್ಲಿ ಈ ಕೃತಿಯನ್ನು ಕಿವಿಗೊಟ್ಟು ಕೇಳಬೇಕು. ರಾಗವು ಪಾಶ್ಚಾತ್ಯ ಸಂಗೀತದ ಕಾರ್ಡ್‌ಗಳ ಚೌಕಟ್ಟಿಗೆ ಒಗ್ಗಬೇಕಾದಾಗ ಮೊದಲು ಸವೆಯುವುದು ಗಮಕ. ತಕೆಮಿತ್ಸು ಅಂಥ ಸವೆತಕ್ಕೆ ಒಪ್ಪಲಿಲ್ಲ.

ಹಾಗೆಂದು ಅವರು ಅಲ್ಲೇ ನಿಲ್ಲಲಿಲ್ಲ. 1973ರ ‘ಆಟಮ್’ನಲ್ಲಿ ಅವೇ ಎರಡು ವಾದ್ಯಗಳನ್ನು ವೃಂದದ ಇನ್ನಷ್ಟು ಹತ್ತಿರಕ್ಕೆ ತಂದರು. ಅದೇ ವರ್ಷ ಆರಂಭಿಸಿ 1979ರಲ್ಲಿ ಪೂರ್ತಿಗೊಳಿಸಿದ ‘ಇನ್ ಆ್ಯನ್ ಆಟಮ್ ಗಾರ್ಡನ್’ ಅನ್ನು ಜಪಾನಿನ ಆಸ್ಥಾನ ಸಂಗೀತವಾದ ಗಗಾಕು ಮೇಳಕ್ಕಾಗಿಯೇ ಬರೆದರು. ಅದರಲ್ಲಿ ಪಾಶ್ಚಾತ್ಯ ವಾದ್ಯ ಒಂದೂ ಇಲ್ಲ.